ಮಡಹಾಗಲಕ್ಕೆ ಮದುವೆ ಮಾಡಿಸುವವರು ಯಾರು?

ಆರಿದ್ರಾ ಮಳೆ ಹಿಡಿದು ಒಂದಿಷ್ಟು ದಿನ ಕಳೆಯುವಷ್ಟರಲ್ಲಿ ಶಿರಸಿ, ಯಲ್ಲಾಪುರ, ಸಾಗರದ ಪೇಟೆಗಳಲ್ಲಿ ಮಡಹಾಗಲ ಕಾಣಿಸಿಕೊಳ್ಳುತ್ತದೆ. ಮೊದಮೊದಲು ಅದು ಅಂಗಡಿಯೊಳಗೆ ಇರುವುದಿಲ್ಲ. ಬಸ್‌ಸ್ಟ್ಯಾಂಡಿನ ಗೋಡೆಗೆ ತಾಗಿ ಕೂತ ಹೆಂಗಸಿನ ಬುಟ್ಟಿಯಲ್ಲಿರುತ್ತದೆ. ಕರಾವಳಿಗಿಳಿದರೆ ಅಂಕೋಲಾ, ಕುಮಟಾಗಳಲ್ಲಿ ಸೊಪ್ಪು ಸೌತೆಯ ಜತೆ ಹಾಲಕ್ಕಿ ಹೆಂಗಸರು ತಂದು ಕೂರುತ್ತಾರೆ. ಹಸಿರು ಮೈ, ಮೈತುಂಬ ಚುಚ್ಚದ ಮುಳ್ಳು, ಎರಡೂ ತುದಿ ಕಿರಿದಾದ ದುಂಡು ಕಾಯಿ. ಬೆಲೆ ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಸ್ವಲ್ಪ ಹೊತ್ತು ಬೇರೆ ಬುಟ್ಟಿ ನೋಡಿ, ತಿರುಗಿ ಬಂದು ಕಾಲು ಕೆಜಿಯನ್ನಾದರೂ ಕೊಳ್ಳುತ್ತಾರೆ. ಹಂಗಾಮಿನ ಶುರುವಿನಲ್ಲಿ ಮಂಗಳೂರಿನಂಥ ಊರುಗಳಲ್ಲಿ ಇದರ ದರ ಕೆಜಿಗೆ ಇನ್ನೂರು ರೂಪಾಯಿ ದಾಟುವುದುಂಟು. ಚೌತಿ ಮುಗಿದು ಇನ್ನೊಂದು ತಿಂಗಳು ಕಳೆದರೆ ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಇಷ್ಟೊಂದು ಬೇಡಿಕೆಯಿರುವ, ಇಷ್ಟು ಹಳೆಯ ಕಾಲದಿಂದ ಜನ ತಿನ್ನುತ್ತ ಬಂದಿರುವ ತರಕಾರಿಯೊಂದು ಇನ್ನೂ ಬೇಲಿಯ ಮೇಲೆ, ಬೆಟ್ಟದ ಅಂಚಿನಲ್ಲಿ, ಧರೆಯ ಪೊದೆಯಲ್ಲಿ ಯಾಕೆ ಉಳಿದಿದೆ? ಇದೇನು ಒಂದೆರಡು ತಾಲ್ಲೂಕಿನವರ ಗುಟ್ಟಲ್ಲ. ಕೊಂಕಣಿಗರು ಫಾಗಿಲ ಎಂದು, ಮರಾಠಿಗರು ಕರ್ಟೋಲಿ ಎಂದು, ಹಿಂದಿಯವರು ಕಕೋಡಾ, ಕಂಟೋಲಾ ಎಂದು, ಒಡಿಯಾದವರು ಕಂಕಡ ಎಂದು, ತೆಲುಗರು ಆಕಾಕರಕಾಯ ಎಂದು ಇದನ್ನೋ ಇದರ ಹತ್ತಿರದ ನಂಟನನ್ನೋ ಮಳೆಗಾಲದಲ್ಲಿ ಹುಡುಕಿ ತರುತ್ತಾರೆ. ಇದರ ದಾಯಾದಿ ಹಾಗಲಕಾಯಿಯಾದರೋ ವರ್ಷದ ಹನ್ನೆರಡೂ ತಿಂಗಳು ಯಾವ ಸಂತೆಯಲ್ಲಾದರೂ ಸಿಗುತ್ತದೆ. ಕಹಿಯೆಂದು ಮೂಗು ಮುರಿಸಿಕೊಳ್ಳುವ ಹಾಗಲ ಜಗತ್ತನ್ನೇ ಗೆದ್ದಿತು, ಕಹಿಯಿಲ್ಲದ ಮಡಹಾಗಲ ಮಾತ್ರ ಕಾಡು ಬಿಟ್ಟು ಕದಲಲಿಲ್ಲ. ರುಚಿಗೂ ಇದಕ್ಕೂ ಸಂಬಂಧವಿಲ್ಲ. ಕಾರಣ ಇರುವುದು ಬಳ್ಳಿಯ ಸಂಸಾರದಲ್ಲಿ.

ಹಾಗಲದ ಒಂದೇ ಬಳ್ಳಿಯಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬಿಡುತ್ತವೆ. ಹಿತ್ತಿಲಲ್ಲಿ ಒಂದು ಬೀಜ ಊರಿದರೆ ಸಾಕು, ಒಂದು ಜೇನ್ನೊಣ ಸುಳಿದರೆ ಸಾಕು, ಕಾಯಿ ಖಾತ್ರಿ. ಮಡಹಾಗಲದಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಬೀಜದಿಂದ ಎದ್ದ ಗಿಡಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಗಂಡು. ಬೀಜ ನೋಡಿ ಹೇಳಲಾಗದು, ಎಲೆ ನೋಡಿ ಹೇಳಲಾಗದು, ಹೂ ಬಿಡುವವರೆಗೆ ಯಾವುದು ಏನೆಂದು ತಿಳಿಯದು. ತಿಳಿಯುವ ಹೊತ್ತಿಗೆ ಗೊಬ್ಬರ ಹಾಕಿ, ಚಪ್ಪರ ಕಟ್ಟಿ, ಅರ್ಧ ಮಳೆಗಾಲ ಕಳೆದಿರುತ್ತದೆ. ಬಿತ್ತಿದ್ದರಲ್ಲಿ ಅರ್ಧ ಕಾಯಿ ಕೊಡುವುದೇ ಇಲ್ಲ ಎಂಬ ಬೆಳೆಗೆ ಯಾವ ರೈತ ಗದ್ದೆ ಬಿಟ್ಟುಕೊಟ್ಟಾನು?

ಹೂವಿನ ಬುಡ ನೋಡಿದರೆ ಗಂಡು ಹೆಣ್ಣಿನ ಗುರುತು ಸುಲಭ. ಹೆಣ್ಣು ಹೂವಿನ ಕೆಳಗೆ ಮುಳ್ಳು ಮುಳ್ಳಾದ ಪುಟ್ಟ ಕಾಯಿ ಆಗಲೇ ಕೂತಿರುತ್ತದೆ. ಗಂಡು ಹೂವಿನ ಕೆಳಗೆ ಕಾಯಿಯಿಲ್ಲ. ಬದಲಿಗೆ ಮೊಗ್ಗನ್ನು ಅಪ್ಪಿಕೊಂಡ ಅಗಲವಾದ ಹಸಿರು ಪತ್ರವೊಂದಿರುತ್ತದೆ. ಆಯುರ್ವೇದದವರು ಕಾಯಿ ಬಿಡುವ ಬಳ್ಳಿಯನ್ನು ಕರ್ಕೋಟಕಿ ಎಂದೂ ಕಾಯಿ ಬಿಡದ್ದನ್ನು ವಂಧ್ಯಾ ಕರ್ಕೋಟಕಿ ಎಂದೂ ಬೇರೆ ಮಾಡಿ, ಎರಡನೆಯದರ ಗೆಡ್ಡೆಯನ್ನು ಔಷಧಕ್ಕೆ ಬಳಸಿದರು. ಆ ಬಂಜೆ ಬೇರೆ ಯಾರೂ ಅಲ್ಲ, ಗಂಡು ಬಳ್ಳಿ. (ಫಲವಿಲ್ಲದಿದ್ದರೆ ಅಪವಾದ ಹೆಣ್ಣಿನ ಮೇಲೆಯೇ ಎಂಬ ನಮ್ಮ ಅಭ್ಯಾಸಕ್ಕೆ ಬಳ್ಳಿಯೂ ಹೊರತಾಗಲಿಲ್ಲ.) ಈ ಎಣಿಕೆ ಹಿತ್ತಿಲಲ್ಲಿ ಇವತ್ತಿಗೂ ನಡೆದಿದೆ. ಎರಡು ವರ್ಷ ಕಾದರೂ ಕಾಯಿ ಬಿಡಲಿಲ್ಲವೆಂದು ಗಂಡು ಬಳ್ಳಿಯನ್ನು ಬೇರುಸಹಿತ ಕಿತ್ತೆಸೆದರೆ, ಮರುವರ್ಷ ಪಕ್ಕದ ಬೇಲಿಯ ಹೆಣ್ಣು ಬಳ್ಳಿಯ ಎಳೆಗಾಯಿಗಳೂ ಹಳದಿಯಾಗಿ ಉದುರುತ್ತವೆ. ನೀರು ಹೆಚ್ಚಾಯಿತೋ, ಹುಳ ಬಿತ್ತೋ, ಯಾರ ಕಣ್ಣು ತಾಗಿತೋ ಎಂದು ಮನೆಯವರು ತಲೆ ಕೆಡಿಸಿಕೊಳ್ಳುತ್ತಾರೆ.

ಸಸ್ಯವಿಜ್ಞಾನ ಈ ಕತೆಯನ್ನು ಇನ್ನಷ್ಟು ಹಿಂದಕ್ಕೆ ಒಯ್ಯುತ್ತದೆ. ಹಾಗಲ, ಮಡಹಾಗಲ ಎರಡೂ ಮೊಮೊರ್ಡಿಕಾ ಕುಲದವು. ಈ ಕುಲದಲ್ಲಿ ಸುಮಾರು 60 ಜಾತಿಗಳಿವೆ, ಹೆಚ್ಚಿನವು ಆಫ್ರಿಕಾದವು. ಹಾನ್ನೊ ಶೇಫರ್ ಮತ್ತು ಸುಸಾನೆ ರೆನ್ನರ್ 2010ರಲ್ಲಿ ಈ ಜಾತಿಗಳ ಡಿಎನ್ಎ ಹೋಲಿಸಿ ವಂಶವೃಕ್ಷ ಬರೆದರು. ಅವರ ಲೆಕ್ಕದಲ್ಲಿ ಈ ಕುಲದ ಮೂಲ ಪದ್ಧತಿಯೇ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆಬೇರೆ ಇರುವುದು. ಅಲ್ಲಿಂದ ಏಳು ಸಲ, ಬೇರೆಬೇರೆ ಕವಲುಗಳಲ್ಲಿ, ಎರಡೂ ಹೂವು ಒಂದೇ ಬಳ್ಳಿಗೆ ಮರಳಿವೆ. ಹಾಗಲ ಹೀಗೆ ಮರಳಿದವುಗಳಲ್ಲಿ ಒಂದು. ಮಡಹಾಗಲದ ಪೂರ್ವಜರು ಸುಮಾರು 1.9 ಕೋಟಿ ವರ್ಷಗಳ ಹಿಂದೆ ಆಫ್ರಿಕಾದಿಂದ ಏಷ್ಯಾಕ್ಕೆ ದಾಟಿದವರು, ಹಳೆಯ ಪದ್ಧತಿಯನ್ನು ಬಿಡದೆ ಉಳಿದವರು. ಹಾಗಲ ಮನುಷ್ಯನ ತೋಟಕ್ಕೆ ಬರಲು ಬೇಕಾದ ಸಿದ್ಧತೆಯನ್ನು ಮನುಷ್ಯ ಹುಟ್ಟುವ ಮೊದಲೇ ಮಾಡಿಕೊಂಡಿತ್ತು ಎಂದಾಯಿತು.

ಬೀಜದ ತಕರಾರೂ ಇದೆ. ಹಾಗಲದ ಬೀಜ ನೆನೆಸಿಟ್ಟು ಊರಿದರೆ ವಾರ ಹತ್ತು ದಿನದಲ್ಲಿ ಮೊಳಕೆ. ಮಡಹಾಗಲದ ಬೀಜ ಗಟ್ಟಿ ಸಿಪ್ಪೆಯೊಳಗೆ ತಿಂಗಳುಗಟ್ಟಲೆ ನಿದ್ದೆ ಮಾಡುತ್ತದೆ. ಕಾಡಿನಲ್ಲಿ ಅದೇ ಅನುಕೂಲ: ಕಾಯಿ ಹಣ್ಣಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿ, ಬಿರಿದು, ಒಳಗಿನ ಕೆಂಪು ತಿರುಳು ಹಕ್ಕಿಯನ್ನು ಕರೆಯುವುದು ಮಳೆಗಾಲ ಮುಗಿಯುವಾಗ; ಆಗಲೇ ಮೊಳೆತರೆ ಸಸಿ ಬೇಸಿಗೆಗೆ ಸಿಕ್ಕಿ ಸಾಯುತ್ತದೆ. ಬದುಕುಳಿದು ಬಳ್ಳಿಯಾದದ್ದು ಮಣ್ಣಿನಡಿ ಗೆಡ್ಡೆ ಕಟ್ಟಿಕೊಳ್ಳುತ್ತದೆ. ಚಳಿಗಾಲಕ್ಕೆ ಮೇಲಿನದೆಲ್ಲ ಒಣಗಿ ಹೋದರೂ ಗೆಡ್ಡೆ ಉಳಿದು, ಮುಂಗಾರುಪೂರ್ವದ ನಾಲ್ಕು ಹನಿ ಬಿದ್ದದ್ದೇ ಕುಡಿಯೊಡೆಯುತ್ತದೆ. ಹಳ್ಳಿಯವರಿಗೆ ಮಡಹಾಗಲದ ವಿಳಾಸ ಬಾಯಿಪಾಠ ಇರುವುದು ಇದರಿಂದಲೇ: ಇಂಥ ಧರೆಯ ಈ ಮತ್ತಿ ಮರದ ಬುಡ, ಇಂಥ ಅಗಳದ ಆಚೆ ದಂಡೆ. ಅಜ್ಜಿ ಹೇಳಿದ ಜಾಗದಲ್ಲಿ ಮೊಮ್ಮಗಳು ಹೋಗಿ ನೋಡಿದರೂ ಬಳ್ಳಿ ಅಲ್ಲೇ ಇರುತ್ತದೆ.

ನಾವು ಮಡಹಾಗಲ ಎಂದು ಒಂದೇ ಹೆಸರಿನಲ್ಲಿ ಕರೆಯುವುದು ಒಂದೇ ಗಿಡವೂ ಅಲ್ಲ. ಬಯಲುಸೀಮೆಯ ಕುರುಚಲು ಕಾಡು, ಬೇಲಿಗಳಲ್ಲಿ ಸಿಗುವ ಚಿಕ್ಕ ಕಾಯಿಯದು ಮೊಮೊರ್ಡಿಕಾ ಡಯೋಯಿಕಾ. ವಿಲಿಯಂ ರಾಕ್ಸ್‌ಬರ್ಗ್ ಇಟ್ಟ ಈ ಹೆಸರು 1805ರಲ್ಲಿ ಅಚ್ಚಾಯಿತು, ಗಂಡು ಹೆಣ್ಣು ಬೇರೆಬೇರೆ ಎಂಬುದು ಆ ಹೆಸರಿನೊಳಗೇ ಇದೆ. ಪಶ್ಚಿಮ ಘಟ್ಟದಲ್ಲಿ ಸಿಗುವ, ದೊಡ್ಡ ಹಳದಿ ಹೂವಿನ ಬಳ್ಳಿಯನ್ನು ಅದರದೇ ಬೇರೊಂದು ರೂಪವೆಂದು ಬಹುಕಾಲ ತಿಳಿಯಲಾಗಿತ್ತು. ಕೇರಳದ ಜೋಸೆಫ್ ಜಾನ್ ಮತ್ತು ವಿ.ಟಿ. ಆಂಟನಿ ಅದು ಘಟ್ಟಕ್ಕೇ ಸೀಮಿತವಾದ ಪ್ರತ್ಯೇಕ ಜಾತಿಯೆಂದು ತೋರಿಸಿ ಮೊಮೊರ್ಡಿಕಾ ಸಹ್ಯಾದ್ರಿಕಾ ಎಂದು ಹೆಸರಿಟ್ಟದ್ದು 2007ರಲ್ಲಿ. ತಲೆಮಾರುಗಳಿಂದ ಪಲ್ಯ ಮಾಡಿ ತಿನ್ನುತ್ತಿದ್ದ ಗಿಡಕ್ಕೆ ವಿಜ್ಞಾನದ ಪುಸ್ತಕದಲ್ಲಿ ಹೆಸರು ಸಿಗಲು ಇಪ್ಪತ್ತೊಂದನೆಯ ಶತಮಾನ ಬರಬೇಕಾಯಿತು.

ಇವೆರಡರ ವ್ಯತ್ಯಾಸ ನೋಡಲು ಪ್ರಯೋಗಾಲಯ ಬೇಡ, ಗಡಿಯಾರ ಸಾಕು. ಬಯಲುಸೀಮೆಯದು ಮುಸ್ಸಂಜೆಗೆ ಅರಳುತ್ತದೆ. ಹೂವು ಚಿಕ್ಕದು, ತೆಳು ಹಳದಿ, ಪರಿಮಳ ಮಾತ್ರ ಜೋರು. ಕತ್ತಲಲ್ಲಿ ಹಾರುವ ಪತಂಗಗಳಿಗೆ ಆ ಪರಿಮಳವೇ ದಾರಿ. ಘಟ್ಟದ್ದು ಬೆಳಗಿಗೆ ಅರಳುತ್ತದೆ. ಬಣ್ಣ ದಟ್ಟ, ಹಗಲಿನ ಕೀಟಗಳಿಗೆ ದೂರದಿಂದಲೇ ಕಾಣುವಂಥದ್ದು. ಈ ಕುಲದ ಎಷ್ಟೋ ಜಾತಿಗಳು ಬರುವವರಿಗೆ ಮಕರಂದದ ಜತೆಗೋ ಬದಲಿಗೋ ಎಣ್ಣೆ ಕೊಡುತ್ತವೆ. ಕ್ಟೆನೊಪ್ಲೆಕ್ಟ್ರಾ ಎಂಬ ಒಂಟಿ ಜೇನ್ನೊಣಗಳ ಬಳಗವೊಂದು ಆ ಎಣ್ಣೆಗಾಗಿಯೇ ಹೂವಿಂದ ಹೂವಿಗೆ ತಿರುಗುತ್ತದೆ. ಅಂದರೆ ಈ ಮದುವೆಗೆ ದಲ್ಲಾಳಿ ಯಾರಾದರೂ ನಡೆಯುವುದಿಲ್ಲ. ಕಾಡಿನಲ್ಲಿ ಗಂಡು ಬಳ್ಳಿ ಒಂದು ಧರೆಯಲ್ಲಿ, ಹೆಣ್ಣು ಇನ್ನೊಂದರಲ್ಲಿ ಇದ್ದರೂ ಪರಾಗ ಮುಟ್ಟಿಸುವ ಈ ಕೀಟಗಳು, ಬಳ್ಳಿಯನ್ನು ತಂದು ತೋಟದಲ್ಲಿ ನೆಟ್ಟಾಗ ಜತೆಗೆ ಬರುವುದಿಲ್ಲ. ಔಷಧಿ ಹೊಡೆಯುವ ತೋಟಕ್ಕಂತೂ ಬರುವುದೇ ಇಲ್ಲ.

ಹಾಗಾಗಿ ಮಡಹಾಗಲವನ್ನು ಬೆಳೆ ಮಾಡಿಕೊಂಡವರೆಲ್ಲ ಮೊದಲು ಎರಡು ಕೆಲಸ ಮಾಡಬೇಕಾಯಿತು: ಬೀಜ ಬಿಟ್ಟು ಗೆಡ್ಡೆ ಹಿಡಿಯುವುದು, ಕೀಟದ ಕೆಲಸವನ್ನು ಕೈಯಿಂದ ಮಾಡುವುದು. ಹೆಣ್ಣು ಬಳ್ಳಿಯ ಗೆಡ್ಡೆಯಿಂದ ಅಥವಾ ಅದರ ಬಳ್ಳಿಯ ತುಂಡಿನಿಂದ ಎದ್ದದ್ದು ಹೆಣ್ಣೇ. ಅಲ್ಲಿಗೆ ಅರ್ಧಕ್ಕರ್ಧದ ಜೂಜು ಮುಗಿಯಿತು. ಬಂಗಾಳ, ಬಾಂಗ್ಲಾದೇಶಗಳಲ್ಲಿ ಕಾಂಕ್ರೋಲ್ ಎಂಬ ದೊಡ್ಡ ಕಾಯಿಯ ಮಡಹಾಗಲ ಹೊಲದ ಬೆಳೆಯಾದದ್ದು ಹೀಗೆ. ಅದು ಈಶಾನ್ಯ ಭಾರತದ ಕಡೆಯ ಇನ್ನೊಂದು ಜಾತಿ, ಮೊಮೊರ್ಡಿಕಾ ಸಬಂಗುಲೇಟಾ. ಈಗ ನಮ್ಮ ಕೊಡಗು, ದಕ್ಷಿಣ ಕನ್ನಡ, ಮಲೆನಾಡಿನ ಚಪ್ಪರಗಳಲ್ಲಿ ತೂಗುತ್ತಿರುವ ದಪ್ಪ ಕಾಯಿಗಳಲ್ಲಿ ಹೆಚ್ಚಿನವು ಈ ಮೂಲದವೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಕೊಡಗಿನ ಚೆಟ್ಟಳ್ಳಿಯಲ್ಲಿರುವ ತನ್ನ ಕೇಂದ್ರದ ಮೂಲಕ ‘ಅರ್ಕಾ ಭಾರತ್’ ಎಂಬ ತಳಿಯನ್ನು ರೈತರಿಗೆ ಪರಿಚಯಿಸಿದೆ. ಅದೇ ಸಂಸ್ಥೆಯ ಭುವನೇಶ್ವರ ಕೇಂದ್ರ ‘ಅರ್ಕಾ ನೀಲಾಚಲ’ ಹೆಸರಿನ ಸಾಲಿನಲ್ಲಿ ಇಂಥವೇ ತಳಿಗಳನ್ನು ಕೊಟ್ಟಿದೆ.

ಕೈಯಿಂದ ಪರಾಗ ಮುಟ್ಟಿಸುವ ಕೆಲಸ ನೋಡಲು ಸಲೀಸು, ಮಾಡುವವರಿಗೆ ತಾಳ್ಮೆಯ ಪರೀಕ್ಷೆ. ಬೆಳಗ್ಗೆ ಹೂವರಳಿದ ಹೊತ್ತಿಗೆ ಚಪ್ಪರದಡಿ ಹೋಗಬೇಕು. ಆ ದಿನ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಪರಾಗದ ಭಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಬೇಕು. ಒಂದು ಗಂಡು ಹೂವು ಹಲವು ಹೆಣ್ಣಿಗೆ ಸಾಕು. ಎಂಟು ಹತ್ತು ಹೆಣ್ಣು ಬಳ್ಳಿಗೆ ಒಂದು ಗಂಡು ಬಳ್ಳಿ ಇಟ್ಟುಕೊಳ್ಳಿ ಎನ್ನುತ್ತಾರೆ ತೋಟಗಾರಿಕೆಯವರು. ಎಡವಟ್ಟಾಗುವುದು ಗಂಡು ಮೊದಲು ಹೂ ಬಿಟ್ಟು ಮುಗಿಸಿ, ಹೆಣ್ಣು ತಡವಾಗಿ ಶುರುಮಾಡಿದಾಗ. ಆಷಾಢದ ಮಳೆಯಲ್ಲಿ ಕೊಡೆ ಹಿಡಿದು ಪರಾಗ ಸವರುವವರ ಪಾಡು ಬೇರೆ. ಪರಾಗ ನೆಂದರೆ ಕಾಯಿ ಕಚ್ಚುವುದಿಲ್ಲ. ಕಚ್ಚಿದರೆ ಹತ್ತು ಹದಿನೈದು ದಿನದಲ್ಲಿ ಕೊಯ್ಲಿಗೆ ಬರುತ್ತದೆ. ಪೇಟೆಯ ದರ ಕೇಳಿ ಹುಬ್ಬೇರಿಸುವವರು, ಆ ಒಂದೊಂದು ಕಾಯಿಯ ಹೂವನ್ನೂ ಯಾರೋ ಬೆಳಗ್ಗೆದ್ದು ಬೆರಳಲ್ಲಿ ಮುಟ್ಟಿದ್ದಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗಂಡನ್ನೇ ಕೈಬಿಡಲಾಗದೇ ಎಂದು ಯೋಚಿಸಿದವರೂ ಇದ್ದಾರೆ. ಬೆಳ್ಳಿಯ ನೈಟ್ರೇಟ್ ದ್ರಾವಣವನ್ನು ಹದವಾಗಿ ಸಿಂಪಡಿಸಿದರೆ ಹೆಣ್ಣು ಬಳ್ಳಿಯ ಹೂವುಗಳಲ್ಲಿ ಪರಾಗ ಬರುತ್ತದೆ. ಗಿಡದೊಳಗಿನ ಎಥಿಲೀನ್ ಎಂಬ ಹಾರ್ಮೋನಿನ ಕೆಲಸಕ್ಕೆ ಬೆಳ್ಳಿ ಅಡ್ಡ ಬರುವುದೇ ಇದಕ್ಕೆ ಕಾರಣ. 1990ರ ದಶಕದಲ್ಲಿ ಬಾಂಗ್ಲಾದೇಶದ ಸಂಶೋಧಕರು ಹೀಗೆ ಪಡೆದ ಪರಾಗವನ್ನು ಇನ್ನೊಂದು ಹೆಣ್ಣಿಗೆ ಮುಟ್ಟಿಸಿ ಬೀಜ ಕಟ್ಟಿಸಿದರು. ಆ ಬೀಜದಿಂದ ಹುಟ್ಟಿದ್ದೆಲ್ಲ ಹೆಣ್ಣೇ. ಇಲ್ಲಿ ಗಂಡು ಹೆಣ್ಣನ್ನು ತೀರ್ಮಾನಿಸುವ ಬಗೆ ಮನುಷ್ಯರಲ್ಲಿರುವಂಥದ್ದೇ, ಗಂಡಿನ ಕಡೆಯಿಂದ ಬರುವಂಥದ್ದು ಎಂದು ಇದರಿಂದ ತಿಳಿಯಿತು. ವಿಜ್ಞಾನವಾಗಿ ಇದು ಸೊಗಸು, ಆದರೆ ಕೈಯಲ್ಲಿ ಬುಟ್ಟಿ ಹಿಡಿದ ರೈತನಿಗೆ ಒಂದು ಗಂಡು ಗೆಡ್ಡೆ ನೆಡುವುದೇ ಅಗ್ಗ. ಚಿಕ್ಕ ಕಾಯಿಯ ರುಚಿಯನ್ನೂ ದೊಡ್ಡ ಕಾಯಿಯ ಗಾತ್ರವನ್ನೂ ಒಂದೇ ಬಳ್ಳಿಗೆ ತರುವ ಪ್ರಯತ್ನವೂ ನಡೆದಿದೆ. ಡಯೋಯಿಕಾದ ಕ್ರೋಮೊಸೋಮು 28, ಸಬಂಗುಲೇಟಾದ್ದು 56. ಹೊಂದಿಕೆಯಾಗದ ಈ ಜೋಡಿಯನ್ನೂ ಕೂಡಿಸಿ ಭುವನೇಶ್ವರದವರು ಹೊಸ ಮಿಶ್ರತಳಿ ಮಾಡಿದ್ದಾರೆ.

ಇಲ್ಲಿಯವರೆಗಿನ ವಾದಕ್ಕೆ ಒಂದು ತೊಡಕಿದೆ, ಅದನ್ನು ಮುಚ್ಚಿಟ್ಟರೆ ಬಳ್ಳಾರಿ, ಕೊಪ್ಪಳ, ರಾಯಚೂರಿನ ಓದುಗರು ಬಿಡುವುದಿಲ್ಲ. ಅವರ ಕರ್ಚಿಕಾಯಿ ಇದೇ ಕುಲದ್ದು, ಮೊಮೊರ್ಡಿಕಾ ಸಿಂಬಲೇರಿಯಾ. ಎರೆ ಹೊಲದ ಬದುವಿನಲ್ಲಿ ಮಳೆ ಬಿದ್ದದ್ದೇ ಹಬ್ಬುವ ಸಪೂರ ಬಳ್ಳಿ. ಬೆರಳ ತುದಿಯಷ್ಟು ದಪ್ಪದ, ಉದ್ದಕ್ಕೂ ಏಣುಗಳಿರುವ ಕಾಯಿ. ಇದರಲ್ಲಿ ಗಂಡು ಹೂ, ಹೆಣ್ಣು ಹೂ ಒಂದೇ ಬಳ್ಳಿಯಲ್ಲಿರುತ್ತವೆ. ಆದರೂ ಇದು ಬೆಳೆಯಾಗಲಿಲ್ಲ. ಅಂದರೆ ಬೇರೆ ಸಂಸಾರವೊಂದೇ ಕಾರಣವಲ್ಲ. ಕರ್ಚಿಕಾಯಿಗೆ ಅಡ್ಡಿಯಾದದ್ದು ಅದರ ಗಾತ್ರ ಇರಬೇಕು ಎಂದು ನನ್ನ ಊಹೆ: ಒಂದು ಹೊತ್ತಿನ ಪಲ್ಯಕ್ಕೆ ಅದೆಷ್ಟು ಕಾಯಿ ಕೀಳಬೇಕು! ಮೇಲಾಗಿ ಅದರ ಬೀಜಕ್ಕೂ ಗಾಢ ನಿದ್ದೆ; ಅದೂ ಗೆಡ್ಡೆಯನ್ನೇ ನಂಬಿ ಬದುಕುವ ಬಳ್ಳಿ. ಕೇಳದೆಯೇ ಹೊಲದಲ್ಲಿ ಹುಟ್ಟುತ್ತಿದ್ದರಿಂದ ಯಾರಿಗೂ ಅದನ್ನು ಬಿತ್ತಬೇಕು ಅನ್ನಿಸಲಿಲ್ಲ. ಈಗ ಟ್ರ್ಯಾಕ್ಟರಿನ ಆಳ ಉಳುಮೆ ಗೆಡ್ಡೆಯನ್ನು ಮೇಲೆತ್ತಿ ಒಣಗಿಸುತ್ತದೆ, ಉಳಿದದ್ದನ್ನು ಕಳೆನಾಶಕ ನೋಡಿಕೊಳ್ಳುತ್ತದೆ. ಮಡಹಾಗಲ ಬೆಟ್ಟದಂಚಿನಲ್ಲಿದ್ದು ಬಚಾವಾಯಿತು. ಕರ್ಚಿಕಾಯಿ ಉಳುವ ಹೊಲದ ನಡುವೆಯೇ ಇದ್ದು ಸಿಕ್ಕಿಬಿತ್ತು.

ಅಡುಗೆಗೆ ಬಂದರೆ, ದೊಡ್ಡದೋ ಚಿಕ್ಕದೋ ಎಂಬ ಜಗಳ ಮಲೆನಾಡು, ಕರಾವಳಿಯ ಮನೆಗಳಲ್ಲಿ ಮುಗಿಯುವಂಥದ್ದಲ್ಲ. ಚಪ್ಪರದ ದಪ್ಪ ಕಾಯಿ ಹೆಚ್ಚಲು ಸುಲಭ, ಬಿಲ್ಲೆ ಅಗಲ, ಪೋಡಿಗೆ ಪ್ರಶಸ್ತ. ಅಕ್ಕಿ ಹಿಟ್ಟು, ಮೆಣಸಿನ ಪುಡಿ, ಇಂಗು, ಉಪ್ಪು ಸವರಿ ಕಾವಲಿಯ ಮೇಲೆ ತೆಂಗಿನೆಣ್ಣೆ ಬಿಟ್ಟು ಎರಡೂ ಮಗ್ಗುಲು ಗರಿಗರಿಯಾಗಿ ಬೇಯಿಸಿದರೆ, ಅನ್ನ ಸಾರಿನ ಊಟಕ್ಕೆ ಇನ್ನೇನೂ ಬೇಡ. ಕೊಂಕಣಿಗರು ಎಳೆ ಅಂಬಟೆಕಾಯಿಯ ಜತೆ ಕೂಡಿಸಿ ತೆಂಗಿನಕಾಯಿ ಅರೆದು ಮಾಡುವ ಪದಾರ್ಥದ ರುಚಿ ಬೇರೆಯದೇ. ಹುಳಿ ಬೆಲ್ಲ ಎಳ್ಳು ಹಾಕಿದ ಮೆಣಸ್ಕಾಯಿ, ಮೊಸರು ಬೆರೆಸಿದ ಸಾಸಿವೆ, ಸುಮ್ಮನೆ ಕಾಯಿತುರಿ ಉದುರಿಸಿದ ಪಲ್ಯ, ಯಾವುದಕ್ಕೂ ಇದು ಒಗ್ಗುತ್ತದೆ. ಘಟ್ಟ ಇಳಿಯದ ಉತ್ತರ ಕರ್ನಾಟಕದ ಕಡೆ ಸೀಳಿ, ಶೇಂಗಾ ಪುಡಿ, ಗುರೆಳ್ಳು ತುಂಬಿ ಎಣ್ಣೆಗಾಯಿ ಮಾಡುತ್ತಾರೆ. ನನ್ನನ್ನು ಕೇಳಿದರೆ ಪಲ್ಯಕ್ಕೆ ಕಾಡಿನ ಚಿಕ್ಕ ಕಾಯಿಯೇ ಸೈ. ಅದರ ಬೀಜ ಅರೆಬಲಿತಾಗ ಹಲ್ಲಿಗೆ ಸಿಗುವ ಕಟುಂ ಎಂಬ ಸುಖ ದಪ್ಪ ಕಾಯಿಯಲ್ಲಿಲ್ಲ. ಪೂರಾ ಬಲಿತರೆ ಮಾತ್ರ ಬೀಜ ತೆಗೆದೇ ಹೆಚ್ಚಬೇಕು. ಕಾಯಿ ಒತ್ತಿ ನೋಡಿ, ಬುಡ ಹಳದಿಗೆ ತಿರುಗಿಲ್ಲವೆಂದು ಖಾತ್ರಿ ಮಾಡಿಕೊಂಡು ಕೊಳ್ಳುವುದು ಜಾಣತನ.

ಮಳೆಗಾಲ ಬಂತೆಂದರೆ ‘ಜಗತ್ತಿನ ಅತ್ಯಂತ ಶಕ್ತಿಶಾಲಿ ತರಕಾರಿ’ ಎಂಬ ತಲೆಬರಹದಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇದರ ಚಿತ್ರ ಓಡಾಡುತ್ತದೆ. ಮಡಹಾಗಲದಲ್ಲಿ ನಾರಿದೆ, ಕ್ಯಾರೊಟಿನ್ ಬಗೆಯ ಅಂಶಗಳಿವೆ, ಖನಿಜಗಳಿವೆ. ಒಳ್ಳೆಯ ತರಕಾರಿಯಲ್ಲಿ ಇರಬೇಕಾದ್ದೆಲ್ಲ ಇದೆ. ಅದಕ್ಕಿಂತ ಹೆಚ್ಚಿನದನ್ನು ಹೇಳಲು ಹೊರಟವರು ಸಾಮಾನ್ಯವಾಗಿ ಇಲಿಗಳ ಮೇಲೆ ನಡೆದ ಪ್ರಯೋಗವನ್ನು ಮನುಷ್ಯರ ತಟ್ಟೆಗೆ ಬಡಿಸುತ್ತಿರುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಇದನ್ನು ತಿನ್ನುವ ಹುಂಬತನ ಬೇಡ. ಗೆಡ್ಡೆಯ ವಿಷಯದಲ್ಲಂತೂ ಎಚ್ಚರ ಬೇಕು. ಕರ್ಚಿಕಾಯಿಯ ಗೆಡ್ಡೆಯನ್ನು ಹಳೆಯ ನಾಟಿ ಔಷಧದಲ್ಲಿ ಗರ್ಭ ಇಳಿಸಲು ಬಳಸುತ್ತಿದ್ದರು. ತಿನ್ನುವುದು ಕಾಯಿ, ಗೆಡ್ಡೆ ಮಣ್ಣಿನಲ್ಲಿರಲಿ.

ಗೆಡ್ಡೆ ಮಣ್ಣಿನಲ್ಲಿರಲಿ ಎನ್ನಲು ಇನ್ನೊಂದು ಕಾರಣವಿದೆ. ಚಪ್ಪರದ ಬೇಸಾಯ ಹಬ್ಬಿದಂತೆ ಕಾಡಿನ ಹೆಣ್ಣು ಗೆಡ್ಡೆಯನ್ನು ಅಗೆದು ತಂದು ಹಿತ್ತಿಲಿಗೆ ನೆಡುವ ಆಸೆಯೂ ಹೆಚ್ಚುತ್ತದೆ. ಹೂವಿನ ಬುಡ ನೋಡಿ ಗುರುತು ಹಿಡಿಯಲು ಕಲಿತವನು ಹೆಣ್ಣನ್ನೇ ಆರಿಸಿ ಅಗೆಯುತ್ತಾನೆ. ಆ ಧರೆಯಲ್ಲಿ ಗಂಡು ಮಾತ್ರ ಉಳಿದರೆ ಹಕ್ಕಿಗೂ ಹಣ್ಣಿಲ್ಲ, ಬುಟ್ಟಿಯ ಹೆಂಗಸಿಗೂ ಕಾಯಿಲ್ಲ. ರಸ್ತೆ ಅಗಲ ಮಾಡುವಾಗ, ಧರೆ ಕೆರೆದು ಸಿಮೆಂಟು ಗೋಡೆ ಕಟ್ಟುವಾಗ, ಜೀವಂತ ಬೇಲಿ ಕಡಿದು ತಂತಿ ಎಳೆಯುವಾಗ ಹೋಗುವ ಗೆಡ್ಡೆಗಳ ಲೆಕ್ಕ ಯಾರ ಕಡತದಲ್ಲೂ ಬರುವುದಿಲ್ಲ. ಘಟ್ಟಕ್ಕೇ ಸೀಮಿತವಾದ ಸಹ್ಯಾದ್ರಿಕಾಕ್ಕೆ ಇದು ಸಣ್ಣ ನಷ್ಟವಲ್ಲ. ನಾಳೆ ಚಪ್ಪರದ ತಳಿಗೆ ರೋಗ ಬಂದರೆ ತಳಿ ವಿಜ್ಞಾನಿಗಳು ಹುಡುಕಿಕೊಂಡು ಹೋಗುವುದು ಇದೇ ಬೇಲಿಗಳ ಬಳ್ಳಿಯನ್ನು.

ಹಿತ್ತಿಲಲ್ಲಿ ಮಡಹಾಗಲ ಬೇಕೆನ್ನುವವರು ಬೆಳೆಗಾರರಿಂದಲೋ ಸಂಶೋಧನಾ ಕೇಂದ್ರದಿಂದಲೋ ಗೆಡ್ಡೆ ಅಥವಾ ಬೇರು ಬಂದ ಬಳ್ಳಿತುಂಡು ತರುವುದೇ ಸರಿ. ಏಪ್ರಿಲ್ ಕೊನೆಗೆ, ನೀರು ನಿಲ್ಲದ ಜಾಗದಲ್ಲಿ ಗುಂಡಿ ತೆಗೆದು ಕೊಟ್ಟಿಗೆ ಗೊಬ್ಬರ ಹಾಕಿ ನೆಟ್ಟರೆ ಸಾಕು. ಚಳಿಗಾಲದಲ್ಲಿ ಬಳ್ಳಿ ಒಣಗಿತೆಂದು ಅಗೆದು ಬಿಸಾಡಬಾರದು, ಮರುವರ್ಷ ಅದೇ ಗೆಡ್ಡೆ ಇನ್ನೂ ದಪ್ಪವಾಗಿ ಮೇಲೇಳುತ್ತದೆ. ಹೆಣ್ಣು ಎರಡು ಕೊಂಡವರು ಗಂಡು ಒಂದನ್ನು ಕೇಳಿ ಪಡೆಯಬೇಕು, ಮಾರುವವರು ತಾವಾಗಿ ನೆನಪಿಸುವುದು ಕಡಿಮೆ. ಆಗಲೇ ಬಳ್ಳಿಯಿದ್ದು ವರ್ಷಗಟ್ಟಲೆ ಕಾಯಿ ಕಾಣದವರು ಈ ಮಳೆಗಾಲ ಹೂವಿನ ಬುಡವನ್ನೊಮ್ಮೆ ನೋಡಲಿ. ಅಲ್ಲಿ ಪುಟ್ಟ ಮುಳ್ಳುಗಾಯಿ ಕಂಡರೆ, ನೆರೆಯ ಯಾರ ಬೇಲಿಯಲ್ಲಾದರೂ ಗಂಡು ಹೂ ಅರಳಿದೆಯೇ ಎಂದು ಬೆಳಗ್ಗೆ ಒಂದು ಸುತ್ತು ಹಾಕಿ, ಸಿಕ್ಕರೆ ಎರಡು ಹೂ ಕೇಳಿ ತಂದರಾಯಿತು.